ಒಂದು ರಾತ್ರಿಗೆ ಇಪ್ಪತ್ತು ಲಕ್ಷ ಮೊಟ್ಟೆ, ತಾಯ್ತಂದೆಯರು ಮೂವರು: ಕಡಲ ಮೀನು ಸಾಕಣೆಗೆ ತಳಿ ಕೇಂದ್ರ ಏಕೆ ಬೇಕು?

ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಗೆ 2024ರ ಸೆಪ್ಟೆಂಬರ್‌ನಲ್ಲಿ ನಾಲ್ಕು ವರ್ಷ ತುಂಬಿತು. ಆಗ ಕೇಂದ್ರ ಸರ್ಕಾರ ಹೊರಡಿಸಿದ ಪ್ರಕಟಣೆಗಳ ರಾಶಿಯಲ್ಲಿ ತಳಿಗೆ ಸಂಬಂಧಿಸಿದ ಒಂದು ತೀರ್ಮಾನವೂ ಇತ್ತು. ಮೀನುಗಳಿಗೆ 'ನ್ಯೂಕ್ಲಿಯಸ್ ಬ್ರೀಡಿಂಗ್ ಸೆಂಟರ್' ಕಟ್ಟುವ ಹೊಣೆಯಲ್ಲಿ ಕಡಲ ಮೀನುಗಳ ಪಾಲು ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಪ್ರಾದೇಶಿಕ ಕೇಂದ್ರಕ್ಕೆ ಹೋಯಿತು. ಸಿಹಿನೀರಿನ ಮೀನುಗಳ ಪಾಲು ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಗೆ (ಸಿಫಾ) ಹೋಯಿತು.

ಈ ಸುದ್ದಿ ಓದಿದವರಿಗೆ ಮೂರು ಅನುಮಾನ ಬರುವುದು ಸಹಜ. ಒಂದು ಹೆಣ್ಣು ಕೋಬಿಯಾ (ಪಂಜರದಲ್ಲಿ ಸಾಕುವ ದೊಡ್ಡ ಕಡಲ ಮೀನು) ಒಂದೇ ರಾತ್ರಿ ಇಪ್ಪತ್ತು ಲಕ್ಷ ಮೊಟ್ಟೆ ಇಡುವಾಗ ತಾಯಿಮೀನಿಗೆಂದೇ ಬೇರೆ ಕೇಂದ್ರ ಏಕೆ? ಮಂಡಪಂನಲ್ಲಿ ಈಗಾಗಲೇ ಬ್ರೂಡ್ ಬ್ಯಾಂಕ್ ಇದೆಯಲ್ಲ, ಇದು ಅದಕ್ಕಿಂತ ಬೇರೆಯೇ? 'ತಳಿ ಸುಧಾರಣೆ' ಎಂದರೆ ಕುಲಾಂತರಿ ಮೀನೇ?

ಕೊನೆಯದಕ್ಕೆ ಉತ್ತರ ಚಿಕ್ಕದು: ಅಲ್ಲ. ಹೊರಗಿನ ವಂಶವಾಹಿಯನ್ನು ಇಲ್ಲಿ ಸೇರಿಸುವುದಿಲ್ಲ. ಹಸು, ಭತ್ತದಲ್ಲಿ ತಲೆಮಾರುಗಳಿಂದ ನಡೆದಿರುವ ಆಯ್ಕೆಯೇ ಮೀನಿನಲ್ಲೂ ನಡೆಯುತ್ತದೆ. ಮೊದಲನೆಯ ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಒಂದು ಮೀನು ಇಪ್ಪತ್ತು ಲಕ್ಷ ಮೊಟ್ಟೆ ಇಡುತ್ತದೆ ಎಂಬುದೇ ಈ ಕೇಂದ್ರ ಬೇಕಾಗಿರುವುದಕ್ಕೆ ಕಾರಣ.

ಮೂರು ಹೆಸರು, ಮೂರು ಕೆಲಸ

ಮೊದಲು ಹೆಸರುಗಳ ಗೋಜಲು ಬಿಡಿಸಿಕೊಳ್ಳೋಣ. ಹ್ಯಾಚರಿಯ ಕೆಲಸ ಮೊಟ್ಟೆ ಮರಿ ಮಾಡಿಸಿ ರೈತರಿಗೆ ಮಾರುವುದು. ಬ್ರೂಡ್ ಬ್ಯಾಂಕ್ ಪ್ರಾಯಕ್ಕೆ ಬಂದ ಆರೋಗ್ಯವಂತ ತಾಯಿಮೀನುಗಳನ್ನು, ಅಂದರೆ ಮರಿ ಪಡೆಯಲೆಂದು ಸಾಕುವ ಹೆಣ್ಣು, ಗಂಡು ಎರಡನ್ನೂ ಇಟ್ಟುಕೊಂಡು ಹ್ಯಾಚರಿಗಳಿಗೆ ಮೊಟ್ಟೆಯನ್ನೋ ಹುಟ್ಟಿದ ಲಾರ್ವಾಗಳನ್ನೋ ಒದಗಿಸುತ್ತದೆ. ನ್ಯೂಕ್ಲಿಯಸ್ ಕೇಂದ್ರ ಇವೆರಡಕ್ಕೂ ಮೇಲಿನದು. ಅಲ್ಲಿ ಪ್ರತಿ ಮೀನಿಗೂ ಗುರುತಿನ ಸಂಖ್ಯೆ ಇರುತ್ತದೆ, ಅದರ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರ ದಾಖಲೆ ಇರುತ್ತದೆ. ಯಾವ ಕುಟುಂಬ ಬೇಗ ಬೆಳೆಯಿತು, ಯಾವುದು ರೋಗ ತಡೆದುಕೊಂಡಿತು ಎಂದು ಅಳೆದು, ಮುಂದಿನ ತಲೆಮಾರಿಗೆ ಯಾರನ್ನು ಯಾರೊಂದಿಗೆ ಕೂಡಿಸಬೇಕೆಂದು ಅಲ್ಲಿ ನಿರ್ಧಾರವಾಗುತ್ತದೆ. ಅಲ್ಲಿಂದ ಹೊರಬಿದ್ದ ತಳಿ ಬ್ರೂಡ್ ಬ್ಯಾಂಕಿಗೆ, ಅಲ್ಲಿಂದ ಹ್ಯಾಚರಿಗೆ, ಕೊನೆಗೆ ರೈತರು ಕಡಲು, ಹಿನ್ನೀರಿನಲ್ಲಿ ಬಲೆ ಕಟ್ಟಿ ಮೀನು ಬೆಳೆಸುವ ಪಂಜರಕ್ಕೆ ಇಳಿಯುತ್ತದೆ.

ಭಾರತದ ಕಡಲ ಮೀನು ಸಾಕಣೆ ಈ ಏಣಿಯನ್ನು ಕೆಳಗಿನಿಂದ ಹತ್ತಿದೆ. ಚೆನ್ನೈನ ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆ (ಸೀಬಾ) 1997ರಲ್ಲಿ ಸೀಬಾಸ್ ಮೀನನ್ನು ಸಾಕಣೆಯಲ್ಲೇ ಮರಿ ಮಾಡಿಸಿತು. ಮಂಡಪಂನಲ್ಲಿ 2010ರಲ್ಲಿ ಕೋಬಿಯಾ, 2011ರಲ್ಲಿ ಸಿಲ್ವರ್ ಪೊಂಪಾನೊ ಮರಿಯಾದವು. ಮೊದಲು ಮರಿ ಸಿಕ್ಕರೆ ಸಾಕು ಎಂಬ ಸ್ಥಿತಿ, ಆಮೇಲೆ ಹೆಚ್ಚು ಮರಿ ಬೇಕು ಎಂಬ ಒತ್ತಡ. ಮರಿ ಯಾರದು ಎಂಬ ಪ್ರಶ್ನೆ ಈಗಷ್ಟೇ ಮುನ್ನೆಲೆಗೆ ಬಂದಿದೆ.

ತೊಟ್ಟಿಯಲ್ಲಿ ಒಂದು ರಾತ್ರಿ

ಸಮಸ್ಯೆ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಲು ಮೊಟ್ಟೆ ಇಡಿಸುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಕೋಬಿಯಾವನ್ನೇ ತೆಗೆದುಕೊಳ್ಳೋಣ.

ಹತ್ತು ಕಿಲೋ ದಾಟಿದ ಹೆಣ್ಣನ್ನು ಅರಿವಳಿಕೆ ಬೆರೆಸಿದ ನೀರಿಗೆ ಬಿಡುತ್ತಾರೆ. ಅದು ಮಂಕಾದ ಮೇಲೆ ಮಗುಚಿ ಹಿಡಿದು, ಜನನರಂಧ್ರದೊಳಗೆ ಒಂದೆರಡು ಮಿಲಿಮೀಟರ್ ದಪ್ಪದ ಮೆತ್ತನೆಯ ನಳಿಕೆ ತೂರಿಸಿ, ಅಂಡಾಶಯದಿಂದ ಕೆಲವು ಮೊಟ್ಟೆಗಳನ್ನು ಹೀರಿ ತೆಗೆಯುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಮೊಟ್ಟೆಯ ವ್ಯಾಸ ಸುಮಾರು 700 ಮೈಕ್ರಾನ್ (0.7 ಮಿಲಿಮೀಟರ್) ಇದ್ದರೆ ಹೆಣ್ಣು ಸಿದ್ಧವಾಗಿದೆ ಎಂದರ್ಥ. ಚಿಕ್ಕದಿದ್ದರೆ ಚುಚ್ಚುಮದ್ದು ಕೊಟ್ಟೂ ಫಲವಿಲ್ಲ, ಮೀನನ್ನು ವಾಪಸ್ ಬಿಡುತ್ತಾರೆ. ಸಿದ್ಧವಾದ ಹೆಣ್ಣಿಗೆ ಕಿಲೋ ತೂಕಕ್ಕೆ 500 ಐಯು (ಹಾರ್ಮೋನ್ ಅಳೆಯುವ ಅಂತರರಾಷ್ಟ್ರೀಯ ಘಟಕ), ಗಂಡಿಗೆ 250 ಐಯು ಲೆಕ್ಕದಲ್ಲಿ ಎಚ್‌ಸಿಜಿ ಹಾರ್ಮೋನ್ ಕೊಟ್ಟು, ಒಂದು ಹೆಣ್ಣಿಗೆ ಎರಡು ಗಂಡಿನಂತೆ ತೊಟ್ಟಿಗೆ ಬಿಡುತ್ತಾರೆ. ಸುಮಾರು ಒಂದೂವರೆ ದಿನದ ಬಳಿಕ ಮೊಟ್ಟೆ ಬೀಳುತ್ತದೆ. ಫಲಿತ ಮೊಟ್ಟೆಗಳು ತೇಲುತ್ತವೆ. ಅವನ್ನು 500 ಮೈಕ್ರಾನ್ ಕಣ್ಣಿನ ಬಲೆಯಲ್ಲಿ ಸೋಸಿ ತೆಗೆಯುತ್ತಾರೆ.

ಗಮನಿಸಬೇಕಾದ ಸಂಗತಿಗಳು ಇಲ್ಲಿವೆ. ಹ್ಯಾಚರಿಯಲ್ಲಿ ಹತ್ತು ಹೆಣ್ಣುಗಳಿದ್ದರೂ ಆ ದಿನ 700 ಮೈಕ್ರಾನ್ ತಲುಪಿದ್ದು ಒಂದೋ ಎರಡೋ. ಒಂದೇ ಹೆಣ್ಣು ಕೊಟ್ಟ ಮೊಟ್ಟೆಯಿಂದ ಲಾರ್ವಾ ತೊಟ್ಟಿಗಳೆಲ್ಲ ಭರ್ತಿಯಾಗುತ್ತವೆ, ಹಾಗಾಗಿ ಉಳಿದವನ್ನು ಮುಟ್ಟುವ ಅಗತ್ಯ ಬೀಳುವುದಿಲ್ಲ. ಇನ್ನು ಗಂಡುಗಳು: ಕತ್ತಲಲ್ಲಿ, ನೀರಿನಲ್ಲಿ, ಎಲ್ಲವೂ ಒಟ್ಟಿಗೆ ವೀರ್ಯ ಚೆಲ್ಲುವಾಗ ಯಾವ ಗಂಡಿನ ಪಾಲೆಷ್ಟು ಎಂದು ಕಣ್ಣಿನಿಂದ ಹೇಳಲಾಗದು. ಗುಂಪಾಗಿ ಮೊಟ್ಟೆಯಿಡುವ ಸೀಬಾಸ್, ಸೀಬ್ರೀಮ್‌ಗಳ ಮರಿಗಳಲ್ಲಿ ಡಿಎನ್‌ಎ ಪರೀಕ್ಷೆಯಿಂದ ತಾಯ್ತಂದೆಯರನ್ನು ಹುಡುಕಿದಾಗಲೆಲ್ಲ ಒಂದೇ ಚಿತ್ರ ಸಿಕ್ಕಿದೆ. ಕೆಲವೇ ಮೀನುಗಳು ಬಹುಪಾಲು ಮರಿಗಳಿಗೆ ತಾಯ್ತಂದೆಯರು, ಕೆಲವಕ್ಕೆ ಒಂದೂ ಮರಿ ಇಲ್ಲ.

ಅಲ್ಲಿಗೆ ಮುಗಿಯುವುದಿಲ್ಲ. ಸೀಬಾಸ್ ಮರಿಗಳು ಒಂದನ್ನೊಂದು ತಿನ್ನುತ್ತವೆ. ಅದಕ್ಕಾಗಿ ಕೆಲವೇ ದಿನಗಳಿಗೊಮ್ಮೆ ಗಾತ್ರ ನೋಡಿ ಬೇರ್ಪಡಿಸಲೇಬೇಕು. ಬೇರ್ಪಡಿಸುವಾಗ ಸಣ್ಣವನ್ನು ಬಿಸಾಡಿದರೆ, ನಿಧಾನವಾಗಿ ಶುರುವಾಗುವ ಕುಟುಂಬಗಳು ಇಡಿಯಾಗಿ ಹೊರಬೀಳುತ್ತವೆ. ಎರಡು ದಿನ ಮೊದಲು ಮೊಟ್ಟೆಯಿಟ್ಟ ತಾಯಿಯ ಮರಿಗಳು ದೊಡ್ಡವಾಗಿ ಉಳಿದುಕೊಳ್ಳುತ್ತವೆ. ಅವು ಉತ್ತಮ ತಳಿಯಲ್ಲ, ಎರಡು ದಿನ ಹಿರಿಯವು, ಅಷ್ಟೆ.

ಎಣಿಕೆ ಒಂದು, ಲೆಕ್ಕ ಇನ್ನೊಂದು

ತಳಿವಿಜ್ಞಾನಿಗಳು ತೊಟ್ಟಿಯಲ್ಲಿರುವ ಮೀನುಗಳ ಎಣಿಕೆಗಿಂತ 'ಪರಿಣಾಮಕಾರಿ ಸಂಖ್ಯೆ'ಯನ್ನು ನೋಡುತ್ತಾರೆ. ಸರಳ ರೂಪದಲ್ಲಿ ಅದರ ಸೂತ್ರ ಹೀಗಿದೆ: ಮರಿ ಕೊಟ್ಟ ಹೆಣ್ಣುಗಳ ಸಂಖ್ಯೆಯನ್ನು ಮರಿ ಕೊಟ್ಟ ಗಂಡುಗಳ ಸಂಖ್ಯೆಯಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಹೀಗೆ ಬಂದ ಸಂಖ್ಯೆಯ ಎರಡರಷ್ಟರಿಂದ 1ನ್ನು ಭಾಗಿಸಿದರೆ, ಆ ಗುಂಪಿನಲ್ಲಿ ಪ್ರತಿ ತಲೆಮಾರಿಗೆ ಇನ್‌ಬ್ರೀಡಿಂಗ್, ಅಂದರೆ ರಕ್ತಸಂಬಂಧಿಗಳ ಕೂಡುವಿಕೆಯ ಪ್ರಮಾಣ ಎಷ್ಟು ಏರುತ್ತದೆಂದು ತಿಳಿಯುತ್ತದೆ.

5 ಹೆಣ್ಣು, 10 ಗಂಡು ಎಲ್ಲವೂ ಮರಿ ಕೊಟ್ಟರೆ ಪರಿಣಾಮಕಾರಿ ಸಂಖ್ಯೆ 13.3. ತಲೆಮಾರಿಗೆ ಶೇ 3.75ರಷ್ಟು ಏರಿಕೆ. ಅದೇ 15 ಮೀನುಗಳಲ್ಲಿ ನಿಜವಾಗಿ ಮರಿ ಕೊಟ್ಟದ್ದು 1 ಹೆಣ್ಣು, 3 ಗಂಡು ಎಂದಾದರೆ ಸಂಖ್ಯೆ 3ಕ್ಕೆ ಕುಸಿಯುತ್ತದೆ, ಏರಿಕೆ ಶೇ 16.7 ಆಗುತ್ತದೆ. ದಾಖಲೆ ಪುಸ್ತಕದಲ್ಲಿ ಎರಡೂ ಸಂದರ್ಭಕ್ಕೆ 'ತಾಯಿಮೀನು: 15' ಎಂದೇ ಬರೆದಿರುತ್ತದೆ.

25 ಹೆಣ್ಣು, 25 ಗಂಡು ಸಮನಾಗಿ ಪಾಲುಗೊಂಡರೆ ಸಂಖ್ಯೆ 50, ಏರಿಕೆ ಶೇ 1. ತಳಿ ಕಾರ್ಯಕ್ರಮಗಳು ಸಾಮಾನ್ಯವಾಗಿ ಈ ಶೇ 1ರ ಆಸುಪಾಸನ್ನೇ ಮಿತಿಯಾಗಿ ಇಟ್ಟುಕೊಳ್ಳುತ್ತವೆ. ಐದು ತಲೆಮಾರು ಕಳೆದ ಮೇಲೆ 50ರ ಗುಂಪಿನಲ್ಲಿ ಒಟ್ಟು ಇನ್‌ಬ್ರೀಡಿಂಗ್ ಸುಮಾರು ಶೇ 5, 13.3ರ ಗುಂಪಿನಲ್ಲಿ ಶೇ 17 ದಾಟುತ್ತದೆ.

ಇನ್ನೊಂದು ನಷ್ಟ ಈ ಲೆಕ್ಕದಲ್ಲಿ ಕಾಣುವುದಿಲ್ಲ. ಕಾಡು ಮೀನುಗಳಲ್ಲಿ ವಂಶವಾಹಿಯ ನೂರು ಪ್ರತಿಗಳಿಗೆ ಒಂದರಂತೆ (ಪ್ರತಿ ಮೀನಿನಲ್ಲಿ ಎರಡು ಪ್ರತಿ) ಇರುವ ಅಪರೂಪದ ರೂಪವೊಂದು ಇದೆ ಎನ್ನಿ. ಎರಡೇ ತಾಯ್ತಂದೆಯರಿಂದ ತಳಿ ಶುರುಮಾಡಿದರೆ ಅದು ಒಳಗೆ ಬರುವ ಸಾಧ್ಯತೆ ಸುಮಾರು ಶೇ 4. ಐವತ್ತು ಮೀನುಗಳಿಂದ ಶುರುಮಾಡಿದರೆ ಶೇ 63. ಅಪರೂಪದ್ದು ಏಕೆ ಮುಖ್ಯ ಎಂಬುದಕ್ಕೆ ಸಾಲ್ಮನ್ ಸಾಕಣೆ ಸಾಕ್ಷಿ. ಐಪಿಎನ್ ಎಂಬ ವೈರಸ್ ರೋಗವನ್ನು ತಡೆದುಕೊಳ್ಳುವ ಶಕ್ತಿಯ ಬಹುಪಾಲು ಒಂದೇ ವಂಶವಾಹಿ ಪ್ರದೇಶದಲ್ಲಿದೆ ಎಂದು 2008ರ ಹೊತ್ತಿಗೆ ಸ್ಕಾಟ್ಲೆಂಡ್ ಮತ್ತು ನಾರ್ವೆಯ ಸಂಶೋಧಕರು ಕಂಡುಕೊಂಡರು. ಅದನ್ನು ಹೊತ್ತ ಮೀನುಗಳನ್ನು ಆರಿಸಿದ ಬಳಿಕ ಆ ರೋಗದ ಹಾವಳಿ ಬಹಳಷ್ಟು ತಗ್ಗಿತು. ತಳಿಯ ತಳಹದಿಯಲ್ಲೇ ಆ ರೂಪ ಇಲ್ಲದಿದ್ದರೆ ಆರಿಸಲು ಏನೂ ಇರುತ್ತಿರಲಿಲ್ಲ.

ಮೊದಲ ತಲೆಮಾರು ಚೆನ್ನಾಗಿಯೇ ಇರುತ್ತದೆ

ಹ್ಯಾಚರಿಯವರು ಈ ಎಚ್ಚರಿಕೆಯನ್ನು ನಂಬದಿರಲು ಬಲವಾದ ಕಾರಣವಿದೆ. ಕಡಲಿನಿಂದ ಹಿಡಿದು ತಂದ ಒಂದು ಹೆಣ್ಣು, ಎರಡು ಗಂಡಿನಿಂದ ಹುಟ್ಟಿದ ಲಕ್ಷ ಮರಿಗಳು ಪುಷ್ಟವಾಗಿಯೇ ಬೆಳೆಯುತ್ತವೆ. ತಾಯ್ತಂದೆಯರು ಪರಸ್ಪರ ಸಂಬಂಧಿಕರಲ್ಲವಾದ್ದರಿಂದ ಆ ಮರಿಗಳಲ್ಲಿ ಇನ್‌ಬ್ರೀಡಿಂಗ್ ಸೊನ್ನೆ. ರೈತನಿಗೆ ಲಾಭ, ಹ್ಯಾಚರಿಗೆ ಹೆಸರು.

ಎಡವಟ್ಟು ಆಗುವುದು ಮುಂದಿನ ಹೆಜ್ಜೆಯಲ್ಲಿ. ಪಂಜರದಲ್ಲಿದ್ದ ಸಾವಿರ ಮೀನುಗಳಲ್ಲಿ ಎದ್ದು ಕಾಣುವ ಇಪ್ಪತ್ತು ದೊಡ್ಡ ಮೀನುಗಳನ್ನು ಮುಂದಿನ ತಾಯಿಮೀನಾಗಿ ಎತ್ತಿಡುತ್ತಾರೆ. ಕಡಲಿಗೆ ಹೋಗಿ ಹಿಡಿಯುವ ಖರ್ಚಿಲ್ಲ, ಪೆಲೆಟ್ ಆಹಾರಕ್ಕೂ ಮನುಷ್ಯರ ಓಡಾಟಕ್ಕೂ ಒಗ್ಗಿದ ಮೀನು. ಆದರೆ ಆ ಇಪ್ಪತ್ತೂ ಒಂದೇ ತಾಯಿಯ ಮಕ್ಕಳು, ಬಹುಶಃ ಒಂದೇ ತಂದೆಯವು ಕೂಡ. ತಂದೆಯೂ ಒಂದೇ ಆಗಿದ್ದರೆ ಅವುಗಳ ನಡುವೆ ಹುಟ್ಟಿದ ಮರಿಯಲ್ಲಿ ಇನ್‌ಬ್ರೀಡಿಂಗ್ ಒಮ್ಮೆಲೇ ಶೇ 25ಕ್ಕೆ ಹಾರುತ್ತದೆ. ಅಮೆರಿಕದಲ್ಲಿ ರೇನ್‌ಬೋ ಟ್ರೌಟ್ ಮೀನಿನ ಮೇಲೆ ನಡೆದು 1976ರಲ್ಲಿ ಪ್ರಕಟವಾದ ಹೆಸರುವಾಸಿ ಪ್ರಯೋಗದಲ್ಲಿ, ಒಡಹುಟ್ಟಿದವನ್ನು ಒಂದೇ ತಲೆಮಾರು ಕೂಡಿಸಿದ್ದಕ್ಕೆ ಮರಿಗಳ ಬದುಕುಳಿಯುವಿಕೆ ಶೇ 19ರಷ್ಟು, ಒಂದು ವರ್ಷದ ತೂಕ ಶೇ 23ರಷ್ಟು ಇಳಿಯಿತು. ಅಂಗವೈಕಲ್ಯ ಹೆಚ್ಚಿತು.

ಕೋಬಿಯಾ ಪ್ರಾಯಕ್ಕೆ ಬರಲು ಸುಮಾರು ಎರಡು ವರ್ಷ ಬೇಕು. ತಪ್ಪು ನಡೆದ ದಿನಕ್ಕೂ ಅದರ ಫಲ ರೈತನ ಪಂಜರದಲ್ಲಿ ಕಾಣುವ ದಿನಕ್ಕೂ ನಡುವೆ ಮೂರು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಆಹಾರ ಬದಲಾಗಿರುತ್ತದೆ, ನೀರು ಬದಲಾಗಿರುತ್ತದೆ, ಹ್ಯಾಚರಿಯ ತಂತ್ರಜ್ಞ ಬೇರೆ ಕೆಲಸಕ್ಕೆ ಹೋಗಿರುತ್ತಾನೆ. ಬೆಳವಣಿಗೆ ಕುಂಠಿತವಾದರೆ ದೂರು ಆಹಾರದ ಮೇಲೆ ಬೀಳುತ್ತದೆ.

ಗಂಡು ಹೆಣ್ಣಾಗುವ, ಹೆಣ್ಣು ಗಂಡಾಗುವ ಮೀನುಗಳು

ಸೀಬಾಸ್ ಮೊದಲು ಗಂಡಾಗಿ ಪ್ರಾಯಕ್ಕೆ ಬಂದು, ಕೆಲವು ವರ್ಷಗಳ ಬಳಿಕ ಹೆಣ್ಣಾಗುತ್ತದೆ. ಹೀಗಾಗಿ ಹ್ಯಾಚರಿಯ ಹೆಣ್ಣುಗಳೆಲ್ಲ ಹಿರಿಯವು, ಗಂಡುಗಳೆಲ್ಲ ಕಿರಿಯವು. ಹೊಸ ಗಂಡುಗಳನ್ನು ತನ್ನದೇ ಮರಿಗಳಿಂದ ತುಂಬಿಕೊಳ್ಳುವ ಹ್ಯಾಚರಿಯಲ್ಲಿ ಮೂರು ನಾಲ್ಕು ವರ್ಷಕ್ಕೆ ತಾಯಿಯೊಂದಿಗೆ ಮಗನೇ ಕೂಡುವ ಸ್ಥಿತಿ ಬರುತ್ತದೆ. ಟ್ಯಾಗ್ ಇಲ್ಲದಿದ್ದರೆ ಅದು ಯಾರಿಗೂ ತಿಳಿಯುವುದಿಲ್ಲ. ಹಿರಿಯ ಹೆಣ್ಣೊಂದು ಸತ್ತರೆ ಅದರ ಜಾಗ ತುಂಬಲು ವರ್ಷಗಟ್ಟಲೆ ಕಾಯಬೇಕು. ಆ ಅವಧಿಯಲ್ಲಿ ಉಳಿದ ಒಂದೆರಡು ಹೆಣ್ಣುಗಳ ಮೇಲೇ ಇಡೀ ಉತ್ಪಾದನೆ ನಿಂತಿರುತ್ತದೆ.

ಗ್ರೂಪರ್‌ನಲ್ಲಿ ಇದು ತಿರುವುಮುರುವು. ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ದೊಡ್ಡ ಗಂಡು ಸಿಗುವುದು ಕಷ್ಟವಾದ್ದರಿಂದ ಹಾರ್ಮೋನ್ ಕೊಟ್ಟು ಹೆಣ್ಣನ್ನು ಗಂಡಾಗಿಸುವ ರೂಢಿ ಇದೆ. ಆದರೂ ಗಂಡುಗಳ ಸಂಖ್ಯೆ ಬೆರಳೆಣಿಕೆಯಲ್ಲೇ ಇರುತ್ತದೆ. 10 ಹೆಣ್ಣಿಗೆ 1 ಗಂಡು ಇದ್ದರೆ ಪರಿಣಾಮಕಾರಿ ಸಂಖ್ಯೆ ಕೇವಲ 3.6. ಇನ್ನೊಂದೇ ಒಂದು ಗಂಡನ್ನು ಸೇರಿಸಿದರೆ ಅದು 6.7ಕ್ಕೆ ಏರುತ್ತದೆ. ಹನ್ನೊಂದನೇ ಹೆಣ್ಣನ್ನು ಕೊಳ್ಳುವುದಕ್ಕಿಂತ ಎರಡನೇ ಗಂಡನ್ನು ತರುವುದು ಎಷ್ಟೋ ಲಾಭ.

ಸೊಟ್ಟ ಬೆನ್ನೆಲ್ಲವೂ ತಳಿದೋಷವಲ್ಲ

ಮರಿಗಳಲ್ಲಿ ಬೆನ್ನು ಬಾಗಿದ್ದರೆ, ಕಿವಿರಿನ ಮುಚ್ಚಳ ಮೊಟಕಾಗಿದ್ದರೆ 'ಇನ್‌ಬ್ರೀಡಿಂಗ್' ಎಂದು ತೀರ್ಪು ಕೊಡುವುದು ಈಗ ಹೆಚ್ಚುತ್ತಿದೆ. ಇಲ್ಲಿ ತಾಳ್ಮೆ ಬೇಕು. ಸೀಬಾಸ್‌ನಂಥ ಬಹಳಷ್ಟು ಕಡಲ ಮೀನುಗಳ ಲಾರ್ವಾ ಹುಟ್ಟಿದ ಮೊದಲ ಕೆಲವು ದಿನಗಳಲ್ಲಿ ನೀರಿನ ಮೇಲ್ಮೈಗೆ ಬಂದು ಗಾಳಿ ನುಂಗಿ ಈಜುಚೀಲ ಉಬ್ಬಿಸಿಕೊಳ್ಳಬೇಕು. ಆಹಾರದಿಂದ ಬಿಟ್ಟ ಎಣ್ಣೆಯ ಪೊರೆ ಮೇಲ್ಮೈಯಲ್ಲಿದ್ದರೆ ಅದಕ್ಕೆ ಗಾಳಿ ಸಿಗುವುದಿಲ್ಲ. ಚೀಲ ಉಬ್ಬದ ಮರಿ ತಲೆ ಮೇಲೆತ್ತಿ ಬಾಲ ಬಡಿಯುತ್ತ ಈಜುತ್ತದೆ, ಬೆನ್ನೆಲುಬು ಬಾಗುತ್ತದೆ. ಇದಕ್ಕೆ ಮದ್ದು ತಳಿಯಲ್ಲಿಲ್ಲ, ಮೇಲ್ಮೈಯ ಎಣ್ಣೆ ಎಳೆದು ತೆಗೆಯುವ ಸ್ಕಿಮ್ಮರ್‌ನಲ್ಲಿದೆ. ಸಿ ಜೀವಸತ್ವ, ರಂಜಕದ ಕೊರತೆ, ಉಷ್ಣತೆಯ ಏರುಪೇರು ಕೂಡ ಮೂಳೆ ಕೆಡಿಸುತ್ತವೆ.

ಬೇರ್ಪಡಿಸುವ ಬಗೆ ಹೀಗೆ: ಬೇರೆ ಬೇರೆ ತಾಯಿಯ ಮರಿಗಳನ್ನು ಒಂದೇ ತೊಟ್ಟಿಯ ನೀರಿನಲ್ಲಿ, ಒಂದೇ ಆಹಾರದಲ್ಲಿ ಬೆಳೆಸಬೇಕು. ದೋಷ ಎಲ್ಲರಲ್ಲೂ ಹರಡಿದ್ದರೆ ಕಾರಣ ತೊಟ್ಟಿ. ಡಿಎನ್‌ಎ ನೋಡಿದಾಗ ಒಂದೆರಡು ಕುಟುಂಬಗಳಲ್ಲೇ ಗುಂಪುಗೂಡಿದ್ದರೆ ಕಾರಣ ತಳಿ. ಮಾದರಿ ತೆಗೆದಿಡದ ಹ್ಯಾಚರಿಗೆ ಈ ಪ್ರಶ್ನೆಗೆ ಉತ್ತರ ಸಿಗುವುದೇ ಇಲ್ಲ.

ಕರ್ನಾಟಕ ಒಮ್ಮೆ ನೋಡಿದ ಪಾಠ

ಇದು ಕಡಲ ಮೀನಿಗೆ ಹೊಸದು, ನಮಗೆ ಹೊಸದಲ್ಲ. ಕಟ್ಲಾ, ರೋಹು, ಮೃಗಾಲ್ ಮರಿ ಮಾಡುವ ಕರ್ನಾಟಕದ ಹ್ಯಾಚರಿಗಳನ್ನು ಅಧ್ಯಯನ ಮಾಡಿದ ಏಕನಾಥ್ ಮತ್ತು ಡಾಯ್ಲ್ ಎಂಬ ಸಂಶೋಧಕರು 1985ರಲ್ಲೂ 1990ರಲ್ಲೂ ಪ್ರಬಂಧ ಪ್ರಕಟಿಸಿದರು. ಹ್ಯಾಚರಿಗಳು ತಂತಮ್ಮ ಮೀನುಗಳಿಂದಲೇ ಮುಂದಿನ ತಾಯಿಮೀನು ಆರಿಸಿಕೊಳ್ಳುತ್ತಿದ್ದವು. ಇನ್‌ಬ್ರೀಡಿಂಗ್ ಏರಿಕೆ ಶೇ 2ರಿಂದ 17ರವರೆಗೂ ಇದೆಯೆಂದು ಅವರು ಅಂದಾಜಿಸಿದರು. ದೊಡ್ಡ ಮೀನನ್ನು ಮಾರಾಟಕ್ಕೆ ಕಳಿಸಿ ಉಳಿದದ್ದನ್ನು ತಾಯಿಮೀನಾಗಿ ಇಟ್ಟುಕೊಂಡರೆ, ಗೊತ್ತಿಲ್ಲದೆಯೇ ನಿಧಾನ ಬೆಳೆಯುವ ತಳಿಯನ್ನು ಆರಿಸಿದಂತಾಗುತ್ತದೆ ಎಂಬುದೂ ಆ ಚರ್ಚೆಯಲ್ಲಿ ಬಂತು.

ಇದಕ್ಕೆ ಎದುರಾದ ದಾರಿಯನ್ನು ಸಿಫಾ 1992ರಿಂದ ರೋಹು ಮೀನಿನಲ್ಲಿ ತೋರಿಸಿತು. ಗಂಗಾ, ಯಮುನಾ, ಗೋಮತಿ, ಬ್ರಹ್ಮಪುತ್ರ, ಸಟ್ಲೆಜ್ ನದಿಗಳ ಮೀನುಗಳನ್ನು ಸಾಕಣೆಯ ಮೀನಿನೊಂದಿಗೆ ಸೇರಿಸಿ, ನಾರ್ವೆಯ ತಜ್ಞರ ನೆರವಿನಿಂದ ವಿಶಾಲ ತಳಹದಿ ಕಟ್ಟಿತು. ಅದರಿಂದ ಬಂದ 'ಜಯಂತಿ ರೋಹು' ಪ್ರತಿ ತಲೆಮಾರಿಗೆ ಬೆಳವಣಿಗೆಯಲ್ಲಿ ಶೇ 17ರಷ್ಟು ಮುಂದೆ ಹೋಯಿತು. ನಾರ್ವೆ ತಾನೇ 1970ರ ದಶಕದಲ್ಲಿ ಸುಮಾರು 40 ನದಿಗಳ ಸಾಲ್ಮನ್ ಕಲೆಹಾಕಿ ತನ್ನ ಕಾರ್ಯಕ್ರಮ ಶುರುಮಾಡಿತ್ತು. ಎರಡೂ ಕಡೆ ಮೊದಲು ವೈವಿಧ್ಯ ತುಂಬಿಕೊಂಡರು, ಆಮೇಲೆ ಆರಿಸಿದರು. ಆ ಕ್ರಮ ತಿರುವುಮುರುವಾದರೆ ಆಯ್ಕೆಯೇ ವೈವಿಧ್ಯವನ್ನು ತಿಂದು ಮುಗಿಸುತ್ತದೆ.

ಯಾರ ವಾದ ಏನು

ಖಾಸಗಿ ಹ್ಯಾಚರಿಗಳ ವಾದ ಖರ್ಚಿನದು, ಅದನ್ನು ತಳ್ಳಿಹಾಕಲಾಗದು. ಸರಾಸರಿ 12 ಕಿಲೋ ತೂಗುವ 30 ಕೋಬಿಯಾ ಇದ್ದರೆ ದೇಹತೂಕದ ಶೇ 3ರಿಂದ 5ರ ಲೆಕ್ಕದಲ್ಲಿ ದಿನಕ್ಕೆ 11ರಿಂದ 18 ಕಿಲೋ ಬೂತಾಯಿ, ಬೊಂಡಾಸ್, ಏಡಿ ಬೇಕು, ವರ್ಷವಿಡೀ. ಮೂರು ಮೀನಿನಿಂದ ಸಿಗುವ ಮರಿಗಾಗಿ ಮೂವತ್ತನ್ನು ಸಾಕುವುದೇಕೆ ಎಂದು ಅವರು ಕೇಳುತ್ತಾರೆ.

ಎರಡನೆಯ ಬಣ ಪ್ರತಿ ಹಂಗಾಮಿಗೂ ಕಡಲಿನಿಂದಲೇ ಹೊಸ ತಾಯಿಮೀನು ತನ್ನಿ ಎನ್ನುತ್ತದೆ. ಇನ್‌ಬ್ರೀಡಿಂಗ್ ಭಯ ಅಲ್ಲಿಗೆ ತೀರುತ್ತದೆ, ನಿಜ. ಆದರೆ ತಳಿ ಎಂದಿಗೂ ಸುಧಾರಿಸುವುದಿಲ್ಲ, ಹಿಡಿದ ಮೀನು ಬಂಧನಕ್ಕೆ ಒಗ್ಗುವುದರೊಳಗೆ ಹಲವು ಸಾಯುತ್ತವೆ. ಜೊತೆಗೆ ವಿಎನ್‌ಎನ್ ಎಂಬ ನರರೋಗದ ವೈರಸ್ ತಾಯಿಯಿಂದ ಮೊಟ್ಟೆಗೆ ದಾಟುತ್ತದೆ. ಲಕ್ಷಣವಿಲ್ಲದ ಒಂದು ಕಾಡು ಮೀನು ಇಡೀ ಬ್ಯಾಚ್ ಲಾರ್ವಾಗಳನ್ನು ಕೊಲ್ಲಬಲ್ಲದು.

ಹೊರದೇಶದ ಸುಧಾರಿತ ತಳಿಯನ್ನೇ ತರಿಸೋಣ ಎಂಬುದು ಮೂರನೆಯ ವಾದ. ವನ್ನಾಮೈ ಸಿಗಡಿಯಲ್ಲಿ ನಾವು ಅದನ್ನೇ ಮಾಡಿದ್ದೇವೆ. ಆದರೆ ವನ್ನಾಮೈ ನಮ್ಮ ಕಡಲಿನದಲ್ಲ. ಸೀಬಾಸ್ ನಮ್ಮದು. ಅದರ ಜೀನೋಮ್ ಅಧ್ಯಯನದಲ್ಲಿ ಭಾರತದ ಕಡೆಯ ಮೀನು, ಆಗ್ನೇಯ ಏಷ್ಯಾದ ಮೀನು, ಆಸ್ಟ್ರೇಲಿಯಾ–ಪಪುವಾ ನ್ಯೂಗಿನಿಯ ಮೀನು ಎಂದು ಮೂರು ಸ್ಪಷ್ಟ ಗುಂಪುಗಳು ಕಂಡಿವೆ. ಅಲ್ಲಿನ ಮೀನು ಇಲ್ಲಿನ ಅಳಿವೆಯಲ್ಲಿ ಬಲೆ ಹರಿದು ತಪ್ಪಿಸಿಕೊಂಡರೆ ಇಲ್ಲಿನದರೊಂದಿಗೆ ಕೂಡುತ್ತದೆ. ಮಳೆಗಾಲದ ನೆರೆಯಲ್ಲಿ ಪಂಜರ ಹರಿಯುವುದು ನಮ್ಮ ಕರಾವಳಿಗೆ ಅಪರೂಪವೇನಲ್ಲ. ನಾರ್ವೆಯಲ್ಲಿ ತಪ್ಪಿಸಿಕೊಂಡ ಸಾಕು ಸಾಲ್ಮನ್‌ನ ವಂಶವಾಹಿಗಳು ಹಲವು ನದಿಗಳ ಕಾಡು ಸಾಲ್ಮನ್‌ನೊಳಗೆ ಸೇರಿಹೋಗಿರುವುದು ಅಳೆದು ತೋರಿಸಿರುವ ಸತ್ಯ. ಈ ಕಾರಣಕ್ಕೆ ಆಮದು ದಾರಿಯನ್ನು ಮೊದಲೇ ಬದಿಗಿಡಬೇಕು ಎಂಬುದು ಈ ಲೇಖನದ ನಿಲುವು. ನ್ಯೂಕ್ಲಿಯಸ್ ಕೇಂದ್ರ ನಮ್ಮದೇ ಮೀನಿನಿಂದ ಕಟ್ಟುವುದಾದರೆ ಮಾತ್ರ ಅರ್ಥಪೂರ್ಣ.

ಆದರೆ ಆ ಕೇಂದ್ರಕ್ಕೂ ಅಪಾಯವೊಂದಿದೆ. ಒಂದೇ ಮೂಲದಿಂದ ಎರಡೂ ಕರಾವಳಿಗೆ ತಳಿ ಹೋಗುವಾಗ ಮೂಲದಲ್ಲಾದ ತಪ್ಪೂ ಎಲ್ಲೆಡೆ ಹೋಗುತ್ತದೆ. ಹತ್ತು ಹ್ಯಾಚರಿಗಳ ಹತ್ತು ಕಿರಿದಾದ ತಳಿಗಳನ್ನು ಪರಸ್ಪರ ಕೂಡಿಸಿದರೆ ವೈವಿಧ್ಯದ ಬಹುಪಾಲು ಮರಳುತ್ತದೆ. ಹತ್ತೂ ಹ್ಯಾಚರಿಯಲ್ಲಿ ಒಂದೇ ಕಿರಿದಾದ ತಳಿ ಇದ್ದರೆ ಮರಳುವುದಿಲ್ಲ.

ಖರ್ಚು ಹೆಚ್ಚಿಸದೆ ಏನು ಮಾಡಬಹುದು

ಮೀನು ಹೆಚ್ಚಿಸುವ ಮೊದಲು ಇರುವ ಮೀನನ್ನು ಹಂಚಿಡುವುದೇ ದೊಡ್ಡ ಲಾಭ. 12 ಹೆಣ್ಣು, 18 ಗಂಡನ್ನು ಒಂದೇ ದೊಡ್ಡ ತೊಟ್ಟಿಯಲ್ಲಿಟ್ಟು ಒಂದು ಹೆಣ್ಣು, ಮೂರು ಗಂಡು ಮಾತ್ರ ಪಾಲುಗೊಂಡರೆ ಪರಿಣಾಮಕಾರಿ ಸಂಖ್ಯೆ 3. ಅದೇ ಮೀನುಗಳನ್ನು ತಲಾ 2 ಹೆಣ್ಣು, 3 ಗಂಡಿನಂತೆ ಆರು ತೊಟ್ಟಿಗೆ ಹಂಚಿ, ಹಂಗಾಮಿನಲ್ಲಿ ಆರರಿಂದಲೂ ಮೊಟ್ಟೆ ಪಡೆದರೆ ಅದು 28.8ರವರೆಗೆ ಏರಬಲ್ಲದು. ತೊಟ್ಟಿಯೊಳಗೂ ಒಂದು ಮೀನೇ ಮೇಲುಗೈ ಸಾಧಿಸಬಹುದು, ಆದ್ದರಿಂದ ಪೂರ್ತಿ 28.8 ಸಿಗಲಿಕ್ಕಿಲ್ಲ. ಆದರೂ 3ಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಪ್ರತಿ ಮೊಟ್ಟೆಯಿಡುವಿಕೆಯ ಬಳಿಕ ಗಂಡುಗಳನ್ನು ಪಕ್ಕದ ತೊಟ್ಟಿಗೆ ಸರಿಸಿದರೆ ಹೊಸ ಜೋಡಿಗಳಾಗುತ್ತವೆ.

ಎರಡನೆಯದು ಗುರುತು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ, 12 ಮಿಲಿಮೀಟರ್‌ನ ಗಾಜಿನ ಪಿಟ್ ಟ್ಯಾಗನ್ನು (ರೀಡರ್ ಹಿಡಿದರೆ ಮೀನಿನ ಸಂಖ್ಯೆ ತೋರಿಸುವ ಚಿಪ್) ಬೆನ್ನಿನ ರೆಕ್ಕೆಯ ಕೆಳಗಿನ ಮಾಂಸದಲ್ಲಿ ಸೂಜಿಯಿಂದ ಕೂರಿಸುತ್ತಾರೆ. ಅದೇ ಹೊತ್ತಿಗೆ ರೆಕ್ಕೆಯ ತುದಿಯಿಂದ ಉಗುರಿನಷ್ಟು ಚೂರು ಕತ್ತರಿಸಿ ಶೇ 95ರ ಎಥನಾಲ್‌ನಲ್ಲಿ ಇಡಬೇಕು. ಇಂದು ಪರೀಕ್ಷೆಗೆ ಹಣವಿಲ್ಲದಿದ್ದರೂ ಚೂರು ವರ್ಷಗಟ್ಟಲೆ ಕೆಡುವುದಿಲ್ಲ, ಮುಂದೆ ಬೇಕಾದಾಗ ಯಾವ ಮರಿ ಯಾರದೆಂದು ನೋಡಬಹುದು. ಟ್ಯಾಗ್ ಕೆಲವೊಮ್ಮೆ ಉದುರುತ್ತದೆ, ಹಾಗಾಗಿ ಮೀನನ್ನು ಮುಟ್ಟಿದಾಗಲೆಲ್ಲ ರೀಡರ್ ಹಿಡಿದು ನೋಡಬೇಕು. ಉದುರಿದ್ದು ಕಂಡರೆ ಹೊಸದನ್ನು ಹಾಕಿ, ಚೂರನ್ನೂ ಮತ್ತೆ ತೆಗೆಯಬೇಕು.

ಮುಂದಿನ ತಾಯಿಮೀನುಗಳನ್ನು ಮಾರಾಟದ ಮರಿಗಳ ರಾಶಿಯಿಂದ ಎಂದೂ ಆರಿಸಬಾರದು. ಹಂಗಾಮಿನ ಪ್ರತಿ ಮೊಟ್ಟೆಯಿಡುವಿಕೆಯಿಂದ, ಗಾತ್ರ ಬೇರ್ಪಡಿಸುವ ಮೊದಲೇ, ಸಮ ಸಂಖ್ಯೆಯ ಮರಿಗಳನ್ನು ಪ್ರತ್ಯೇಕವಾಗಿ ಎತ್ತಿಡಬೇಕು. ಟ್ಯಾಗ್ ಹಾಕುವಷ್ಟು ಬೆಳೆಯುವ ತನಕ ಕುಟುಂಬಗಳು ಬೆರೆಯಬಾರದು. ಆಮೇಲೆ ಪ್ರತಿ ಕುಟುಂಬದೊಳಗಿನ ಉತ್ತಮ ಒಂದೆರಡನ್ನು ಮಾತ್ರ ಇಟ್ಟುಕೊಳ್ಳಬೇಕು. ಒಟ್ಟು ರಾಶಿಯ ಉತ್ತಮ ಇಪ್ಪತ್ತು ಎಂದು ಆರಿಸಿದರೆ ಎಲ್ಲವೂ ಒಂದೇ ಮನೆಯವಾಗಿಬಿಡುತ್ತವೆ.

ಹೊರಗಿನಿಂದ ತರುವ ಮೀನಿಗೆ ಕ್ವಾರಂಟೈನ್ ತಪ್ಪಿಸುವಂತಿಲ್ಲ. ಕೆಲವು ನಿಮಿಷ ಸಿಹಿನೀರಿನಲ್ಲಿ ಅದ್ದಿದರೆ ಚರ್ಮದ ಪರೋಪಜೀವಿಗಳು ಉದುರುತ್ತವೆ. ವಿಎನ್‌ಎನ್‌ಗೆ ಪಿಸಿಆರ್ ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಬೇರೆ ತೊಟ್ಟಿ, ಬೇರೆ ಬಲೆ, ಬೇರೆ ಬಕೆಟ್.

ಕಡಲಿಗೆ ಮರಿ ಬಿಡುವ ಯೋಜನೆಗಳು

ಮೀನು ತಪ್ಪಿಸಿಕೊಳ್ಳದಿದ್ದರೆ ಪಂಜರದೊಳಗಿನ ತಪ್ಪು ಪಂಜರದವನಿಗೆ ಮಾತ್ರ ನಷ್ಟ. ಹ್ಯಾಚರಿ ಮರಿಯನ್ನು ಕಡಲಿಗೇ ಬಿತ್ತುವ ಯೋಜನೆಗಳಲ್ಲಿ ಹಾಗಲ್ಲ. ಕೃತಕ ಬಂಡೆಸಾಲು ಹಾಕಿ ಮರಿ ಬಿಡುವ ಕೆಲಸಕ್ಕೆ ಈಗ ಸರ್ಕಾರದ ಬೆಂಬಲವಿದೆ. ಬಿಟ್ಟ ಮರಿಗಳ ಎಣಿಕೆಯೇ ಅಲ್ಲಿ ಸಾಧನೆಯ ಅಳತೆ.

ರೈಮನ್ ಮತ್ತು ಲೈಕ್ರೆ ಎಂಬ ವಿಜ್ಞಾನಿಗಳು 1991ರಲ್ಲಿ ಇದರ ಲೆಕ್ಕ ಮುಂದಿಟ್ಟರು. ಒಂದು ಅಳಿವೆಯ ಕಾಡು ಮೀನಿನ ಪರಿಣಾಮಕಾರಿ ಸಂಖ್ಯೆ 500, ಹ್ಯಾಚರಿಯದು 5 ಎಂದುಕೊಳ್ಳಿ. ಬಿಟ್ಟ ಮರಿಗಳು ಚೆನ್ನಾಗಿ ಬದುಕಿ, ಮುಂದಿನ ತಲೆಮಾರಿನಲ್ಲಿ ಶೇ 30ರಷ್ಟು ಪಾಲು ಪಡೆದವು ಎನ್ನಿ. ಆಗ ಒಟ್ಟು ಪರಿಣಾಮಕಾರಿ ಸಂಖ್ಯೆ 500ರಿಂದ ಸುಮಾರು 53ಕ್ಕೆ ಇಳಿಯುತ್ತದೆ. ಮೀನು ಹೆಚ್ಚಾಗಿದೆ, ಪರಿಣಾಮಕಾರಿ ಸಂಖ್ಯೆ ಸುಮಾರು ಹತ್ತನೇ ಒಂದು ಭಾಗವಾಗಿದೆ. ಬಿಟ್ಟ ಮರಿ ಸತ್ತುಹೋದರೆ ಹಣ ಮಾತ್ರ ನಷ್ಟ, ಬದುಕಿದರೆ ಈ ಹಾನಿ. ಆದ್ದರಿಂದ ಕಡಲಿಗೆ ಬಿಡುವ ಮರಿಯ ನಿಯಮ ಪಂಜರದ ಮರಿಗಿಂತ ಬಿಗಿಯಾಗಿರಬೇಕು. ಅದೇ ಪ್ರದೇಶದ ಕಾಡು ತಾಯ್ತಂದೆಯರು, ಹಲವು ಬಾರಿಯ ಮೊಟ್ಟೆಯಿಂದ ಸಮನಾಗಿ ತೆಗೆದ ಮರಿ, ಪ್ರತಿ ವರ್ಷ ಬದಲಾಗುವ ತಾಯಿಮೀನು. ವೇಗವಾಗಿ ಬೆಳೆಯಲೆಂದು ಆರಿಸಿದ ನ್ಯೂಕ್ಲಿಯಸ್ ತಳಿಯನ್ನು ಕಡಲಿಗೆ ಬಿಡಲೇಬಾರದು.

ಪಂಜರ ಕೃಷಿಕ ಕೇಳಬೇಕಾದದ್ದು

ಕಾರವಾರದಲ್ಲಿ ಸಿಎಂಎಫ್‌ಆರ್‌ಐ ಕೇಂದ್ರದ ಪ್ರಯೋಗಗಳಿಂದ ಹಬ್ಬಿ, ಉಪ್ಪುಂದ ಸುತ್ತಮುತ್ತಲ ಹಿನ್ನೀರಿನವರೆಗೆ ಪಂಜರ ಕೃಷಿ ಬಂದಿದೆ. ಸೀಬಾಸ್ ಮರಿ ಆಮ್ಲಜನಕ ತುಂಬಿದ ಚೀಲಗಳಲ್ಲಿ ಹೊರರಾಜ್ಯಗಳಿಂದಲೂ ಬರುತ್ತದೆ. ಮರಿ ಬೆಳೆಸಿ ಮಾರುವ ಕೃಷಿಕನಿಗೆ ತನ್ನ ಪಂಜರದ ಮೀನೆಲ್ಲ ಒಡಹುಟ್ಟಿದವು ಎಂಬುದರಿಂದ ಬೆಳವಣಿಗೆಯಲ್ಲಿ ನಷ್ಟವಿಲ್ಲ. ಅವುಗಳ ತಾಯ್ತಂದೆಯರು ಒಡಹುಟ್ಟಿದವರೇ ಎಂಬುದು ಮುಖ್ಯ. ಹಾಗಾಗಿ ಕೇಳಬೇಕಾದ ಪ್ರಶ್ನೆ 'ಎಷ್ಟು ತಾಯಿಮೀನು ಇವೆ' ಎಂದಲ್ಲ. ತಾಯಿಮೀನು ಕಡಲಿನದೋ ಸಾಕಿದ್ದೋ? ಸಾಕಿದ್ದಾದರೆ ಎಷ್ಟು ಬ್ಯಾಚ್‌ಗಳಿಂದ ಆರಿಸಿದ್ದು? ಗಂಡುಗಳನ್ನು ಕೊನೆಯ ಬಾರಿ ಎಲ್ಲಿಂದ ತಂದದ್ದು? ವಿಎನ್‌ಎನ್ ಪರೀಕ್ಷೆಯ ಚೀಟಿ ಇದೆಯೇ? ಉತ್ತರಗಳನ್ನು ಬ್ಯಾಚ್ ಸಂಖ್ಯೆಯೊಂದಿಗೆ ಬರೆದಿಟ್ಟುಕೊಂಡು, ಕಟಾವಿನ ತೂಕ, ಸತ್ತ ಮೀನಿನ ಲೆಕ್ಕವನ್ನು ಅದರ ಮುಂದೆಯೇ ಬರೆದರೆ, ಎರಡು ಮೂರು ಹಂಗಾಮಿನಲ್ಲಿ ಯಾವ ಹ್ಯಾಚರಿಯ ತಳಿ ಇಳಿಮುಖವಾಗಿದೆ ಎಂದು ಸಂಘದ ಸದಸ್ಯರಿಗೆ ತಾವೇ ಹೇಳಲು ಬರುತ್ತದೆ.

ಪಂಜರದ ದೊಡ್ಡ ಮೀನನ್ನು ತಾಯಿಮೀನಾಗಿ ಕೊಳ್ಳಲು ಹ್ಯಾಚರಿಯವರು ಬಂದಾಗ ಆ ಬ್ಯಾಚ್ ಚೀಟಿಯ ನಕಲನ್ನೂ ಜೊತೆಗೆ ಕೊಡಬೇಕು. ಒಂದೇ ಪಂಜರದಿಂದ ಇಪ್ಪತ್ತು ಕೇಳಿದರೆ ನಾಲ್ಕು ಕೊಟ್ಟು, ಉಳಿದದ್ದಕ್ಕೆ ಬೇರೆ ಹ್ಯಾಚರಿಯ ಮರಿ ಹಾಕಿದ ನೆರೆಯವರ ಪಂಜರಗಳನ್ನು ತೋರಿಸಬೇಕು.